ಸಿಮ್ಯುಲೇಟರ್‌ನಲ್ಲಿ ಬ್ರೇಕಿಂಗ್ ಅಭ್ಯಾಸ

ಸಿಮ್ಯುಲೇಟರ್‌ನಲ್ಲಿ ಬ್ರೇಕಿಂಗ್ ಅಭ್ಯಾಸವು ಕಾರು ಪಂದ್ಯದ ಚಾಲಕರು ವೇಗ ತಗ್ಗಿಸುವ ಕೌಶಲವನ್ನು ಗಣಕಯಂತ್ರದ ಕೃತಕ ಪಥದಲ್ಲಿ ರೂಢಿಸಿಕೊಳ್ಳುವ ತರಬೇತಿ ವಿಧಾನವಾಗಿದೆ.

ತಿರುವಿಗೆ ಮುನ್ನ ಬ್ರೇಕನ್ನು ಬಲವಾಗಿ ಒತ್ತಿ, ಸ್ಟೀರಿಂಗ್ ತಿರುಗಿಸುತ್ತಾ ಹೋದಂತೆ ಒತ್ತಡವನ್ನು ಕ್ರಮೇಣ ಸಡಿಲಿಸುವುದಕ್ಕೆ ‘ಟ್ರೇಲ್ ಬ್ರೇಕಿಂಗ್’ ಎಂದು ಹೆಸರು. ಇದರಿಂದ ಕಾರಿನ ಭಾರವು ಮುಂದಿನ ಚಕ್ರಗಳ ಮೇಲೆ ಉಳಿದು, ಅವುಗಳ ಹಿಡಿತ ಹೆಚ್ಚುತ್ತದೆ. ಒತ್ತಡವನ್ನು ಬೇಗ ಸಡಿಲಿಸಿದರೆ ಕಾರು ತಿರುವಿನ ಹೊರಕ್ಕೆ ಸರಿಯಬಹುದು. ತಡವಾದರೆ ಹಿಂಬದಿ ಜಾರಬಹುದು.

ಲೋಡ್ ಸೆಲ್ ಪೆಡಲ್ ಪಾದದ ಚಲನೆಯನ್ನಲ್ಲ, ಬಲವನ್ನು ಅಳೆಯುತ್ತದೆ. ಹೀಗಾಗಿ ಒತ್ತಡದ ಹದ ಪಾದಕ್ಕೆ ರೂಢಿಯಾಗುತ್ತದೆ. ಆದರೆ ಚಲಿಸದ ಆಸನದಲ್ಲಿ ವೇಗ ತಗ್ಗುವಾಗಿನ ಸೆಳೆತ ಮೈಗೆ ತಿಳಿಯದು. ಅದನ್ನು ನಿಜವಾದ ಪಥದಲ್ಲೇ ಕಲಿಯಬೇಕು.

2011ರಲ್ಲಿ ‘ಗ್ರ್ಯಾನ್ ಟುರಿಸ್ಮೊ’ ಆಟವನ್ನು ಆಧರಿಸಿದ ಜಿಟಿ ಅಕಾಡೆಮಿ ಸ್ಪರ್ಧೆಯನ್ನು ಗೆದ್ದ ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ, ಪಥದಲ್ಲಿಯೂ ತರಬೇತಿ ಪಡೆದು 2013ರ ಲೆ ಮಾನ್ 24 ಗಂಟೆಗಳ ಪಂದ್ಯದಲ್ಲಿ ಸ್ಪರ್ಧಿಸಿದರು.