ರ‍್ಯಾಲಿ ನಿಂತ ಮೇಲಿನ ಮಾರಿಟೇನಿಯಾ

2008ರ ಜನವರಿ 4. ಡಾಕರ್ ರ‍್ಯಾಲಿ ಲಿಸ್ಬನ್‌ನಿಂದ ಹೊರಡಲು ಒಂದೇ ದಿನ ಬಾಕಿ. ನೂರಾರು ಕಾರು, ಬೈಕು, ಲಾರಿಗಳು ಸಜ್ಜಾಗಿದ್ದಾಗ ಸಂಘಟಕರು ಸ್ಪರ್ಧೆಯನ್ನೇ ರದ್ದು ಮಾಡಿದರು.

ಕಾರಣ ಪಶ್ಚಿಮ ಆಫ್ರಿಕಾದ ಮಾರಿಟೇನಿಯಾ. ಹನ್ನೊಂದು ದಿನಗಳ ಹಿಂದೆ ಅಲೆಗ್ ಪಟ್ಟಣದ ಬಳಿ ನಾಲ್ವರು ಫ್ರೆಂಚ್ ಪ್ರವಾಸಿಗರು ಗುಂಡಿಗೆ ಬಲಿಯಾಗಿದ್ದರು. ರ‍್ಯಾಲಿಯ 15 ಹಂತಗಳಲ್ಲಿ ಎಂಟು ಈ ದೇಶದಲ್ಲೇ ಇದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಅಲ್ಲಿ ಸೇನಾ ದಂಗೆಯೂ ನಡೆಯಿತು. ಅಪಹರಣ, ಬಾಂಬು, ದಂಗೆ ಎಂದರಷ್ಟೇ ಹೊರಗಿನ ಪತ್ರಿಕೆಗಳಿಗೆ ಮಾರಿಟೇನಿಯಾ ನೆನಪಾಗತೊಡಗಿತು. ಫ್ರಾನ್ಸ್ ವಿದೇಶಾಂಗ ಇಲಾಖೆಯ ನಕ್ಷೆಯಲ್ಲಿ ದೇಶದ ಬಹುಭಾಗಕ್ಕೆ ಅಪಾಯದ ಕೆಂಪು ಬಣ್ಣ ಬಿತ್ತು. ಅತಾರ್ ಪಟ್ಟಣಕ್ಕೆ ಬರುತ್ತಿದ್ದ ಪ್ಯಾರಿಸ್ ವಿಮಾನಗಳು ನಿಂತವು. ಶಿಂಗೆಟ್ಟಿಯ ಹಳೆಯ ಹಸ್ತಪ್ರತಿ ಭಂಡಾರಗಳನ್ನು ನೋಡಲು ಬರುವವರಿಲ್ಲದೆ ಒಂಟೆಯವರ, ಅತಿಥಿಗೃಹದವರ ಹೊಟ್ಟೆಪಾಡಿಗೆ ಕಲ್ಲು ಬಿತ್ತು.

ಸುದ್ದಿಯಾಗದ ಕೆಲಸ ಬೇರೆಯೇ ಇತ್ತು. 2010ರಲ್ಲಿ ರಾಜಧಾನಿ ನುವಾಕ್‌ಶಾಟ್‌ನ ಜೈಲಿನಲ್ಲಿ ಧಾರ್ಮಿಕ ವಿದ್ವಾಂಸರು ಉಗ್ರವಾದಿ ಕೈದಿಗಳೊಡನೆ ಚರ್ಚೆಗೆ ಕುಳಿತರು. ಮಾಲಿ ಗಡಿಯಲ್ಲಿ ಒಂಟೆಯೇರಿದ ಕಾವಲು ಪಡೆ ಗುಡಾರದಿಂದ ಗುಡಾರಕ್ಕೆ ಸಾಗುತ್ತದೆ. ಅಲೆಮಾರಿಗಳಿಗೆ ಔಷಧಿ ಕೊಡುತ್ತದೆ, ಜೊತೆಗೆ ಅಪರಿಚಿತರು ಯಾರಾದರೂ ಸುಳಿದರೇ ಎಂದು ವಿಚಾರಿಸುತ್ತದೆ. ಜೀಪು ಹೂತುಹೋಗುವ ಮರಳಿನಲ್ಲೂ ಒಂಟೆಗೆ ದಾರಿಯಿದೆ.

2011ರ ನಂತರ ದೇಶದೊಳಗೆ ದೊಡ್ಡ ಉಗ್ರ ದಾಳಿ ನಡೆದಿಲ್ಲ. 2017ರಲ್ಲಿ ಅತಾರ್‌ಗೆ ವಿಮಾನಗಳು ಮರಳಿದವು. 2019ರಲ್ಲಿ ಚುನಾಯಿತ ಅಧ್ಯಕ್ಷರೊಬ್ಬರು ಅವಧಿ ಮುಗಿಸಿ, ಚುನಾವಣೆಯಲ್ಲಿ ಗೆದ್ದು ಬಂದ ಘಜ್ವಾನಿಗೆ ಅಧಿಕಾರ ಒಪ್ಪಿಸಿದರು. ಸ್ವಾತಂತ್ರ್ಯಾನಂತರ ಅಂಥದ್ದು ಅದೇ ಮೊದಲು. ಡಾಕರ್ ರ‍್ಯಾಲಿ ಮಾತ್ರ ದಕ್ಷಿಣ ಅಮೆರಿಕ ಸುತ್ತಿ, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ.