ಹೆಸರು ಉಳಿಸಿಕೊಂಡ ಶಾಲೆಗಳು



ನಮ್ಮ ಹೊನ್ನಾವರದ ಮಾತು ಬಂದಾಗಲೆಲ್ಲ ಸಭೆ ಸಮಾರಂಭಗಳಲ್ಲಿ ಭಾಷಣಕಾರರು ತಪ್ಪದೆ ಹೇಳುವ ಒಂದು ಸಂಗತಿಯಿದೆ. ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತಾ 1342-43ರ ಸುಮಾರಿಗೆ ಈ ಬಂದರಿಗೆ ಬಂದಿದ್ದರು. ತಮ್ಮ ಪ್ರವಾಸ ಕಥನದಲ್ಲಿ ಇದನ್ನು ಹಿನವ್ರ್ ಎಂದು ಕರೆದಿದ್ದಾರೆ. ಸುಲ್ತಾನ್ ಜಮಾಲುದ್ದೀನರ ಆಳ್ವಿಕೆಯ ಆ ಊರಿನಲ್ಲಿ ಗಂಡು ಮಕ್ಕಳಿಗೆ 23 ಮತ್ತು ಹೆಣ್ಣು ಮಕ್ಕಳಿಗೆ 13 ಶಾಲೆಗಳಿದ್ದವು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬರೆದಿದ್ದಾರೆ. ನಾನೂ ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿ ಹೆಮ್ಮೆಪಟ್ಟಿದ್ದೇನೆ.

ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಆ ಹದಿಮೂರು ಶಾಲೆಗಳಲ್ಲಿ ಕಲಿಸುತ್ತಿದ್ದವರ ಹೆಸರೇನು?" ಎಂದು ಕೇಳಿದಳು. ಇಬ್ನ್ ಬತೂತಾ ಕೆಲವು ಹೆಸರುಗಳನ್ನು ಕೊಟ್ಟಿದ್ದಾರೆ. ಕುರ್‌ಆನ್ ಕಲಿಸುತ್ತಿದ್ದ ಫಕೀಹ್ ಇಸ್ಮಾಯಿಲ್, ಖಾಜಿ ನೂರುದ್ದೀನ್ ಅಲಿ, ಹೀಗೆ. ಆದರೆ ಹೆಣ್ಣು ಮಕ್ಕಳ ಆ ಹದಿಮೂರು ಶಾಲೆಗಳ ಒಬ್ಬ ಉಸ್ತಾನಿಯ ಹೆಸರೂ ಇಲ್ಲ, ಒಬ್ಬ ವಿದ್ಯಾರ್ಥಿನಿಯ ಹೆಸರೂ ಇಲ್ಲ. ಲೆಕ್ಕ ಉಳಿಯಿತು, ಹೆಸರು ಉಳಿಯಲಿಲ್ಲ. ಆ ಲೆಕ್ಕವೂ ಹೊರಗಿನಿಂದ ಬಂದವರೊಬ್ಬರು ಬರೆದದ್ದರಿಂದ ಉಳಿಯಿತು.

ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದ್ದಾಗಲೇ ಕರ್ಕಿಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ನಮ್ಮ ಕೇರಿಯ ಖಾಲಾ ಒಬ್ಬರಿಗೆ ಹಜ್ ಯಾತ್ರೆಗಾಗಿ ಪಾಸ್‌ಪೋರ್ಟ್ ಮಾಡಿಸಬೇಕಿತ್ತು. ಜನನ ಪ್ರಮಾಣ ಪತ್ರವಿಲ್ಲ. ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವರು. "ಬೇಟಾ, ನನ್ನ ಶಾಲೆಯಲ್ಲಿ ಬರೆದಿರುತ್ತಾರೆ, ನೀನು ಬಂದರೆ ಕೊಟ್ಟಾರು" ಎಂದರು. ನಾನು ಜೊತೆಗೆ ಹೋದೆ. ಆ ವರ್ಷಗಳ ಜನರಲ್ ರಜಿಸ್ಟರ್ ಗೆದ್ದಲು ತಿಂದು ಹೋಗಿತ್ತು. ಉಳಿದದ್ದು ರಟ್ಟು ಮಾತ್ರ. ಅದೇ ತಿಂಗಳು ಖಾಲಾ ಅವರ ಗೆಳತಿ, ಕೊಂಕಣಿ ಮಾತನಾಡುವ ಕ್ರೈಸ್ತ ಬಾಯಿಯೊಬ್ಬರಿಗೂ ಇಂಥದೇ ಕಾಗದ ಬೇಕಾಯಿತು. ಅವರು ತಮ್ಮ ಇಗರ್ಜಿಗೆ ಹೋದರು. ಅರ್ಧ ಗಂಟೆಯಲ್ಲಿ ದೀಕ್ಷಾಸ್ನಾನದ ಪುಸ್ತಕ ತೆಗೆದು ಹುಟ್ಟಿದ ದಿನ, ತಂದೆ, ತಾಯಿ, ಧರ್ಮಪಿತ, ಧರ್ಮಮಾತೆ ಎಲ್ಲರ ಹೆಸರನ್ನೂ ಬರೆದು ಕೊಟ್ಟರು. ಖಾಲಾ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಓದಲು ಬಾರದ ಲಿಪಿ. "ಇವಳ ಅಮ್ಮನ ಹೆಸರೂ ಉಂಟಲ್ಲ!" ಎಂದು ನನ್ನ ಮುಖ ನೋಡಿದರು.

ಹಾಗಾದರೆ ನಮ್ಮ ಕ್ರೈಸ್ತ ಬಾಂಧವರಿಗೆ ಈ ಅಭ್ಯಾಸ ಎಲ್ಲಿಂದ ಬಂತು? ಕೆಥೊಲಿಕ್ ಶಾಲೆಗಳೆಂದರೆ ನಮಗೆ ಮೊದಲು ಹೊಳೆಯುವುದು ಶಿಸ್ತು, ಇಂಗ್ಲಿಷ್, ಎಸ್.ಎಸ್.ಎಲ್.ಸಿ. ಫಲಿತಾಂಶ. ಹೊನ್ನಾವರದ ಸೇಂಟ್ ಥಾಮಸ್ ಶಾಲೆಗೆ ಮಕ್ಕಳನ್ನು ಸೇರಿಸುವಾಗ ನಮ್ಮ ಪಾಲಕರು ನೋಡುವುದೂ ಇದನ್ನೇ. ಆದರೆ ಶಾಲೆಗಿಂತ ಹಳೆಯದು ಪುಸ್ತಕ. 1563ರಲ್ಲಿ ಟ್ರೆಂಟ್ ಎಂಬಲ್ಲಿ ಮುಗಿದ ಅವರ ಧರ್ಮಸಭೆ, ಪ್ರತಿ ಇಗರ್ಜಿಯೂ ಮದುವೆಗಳನ್ನು ದಾಖಲಿಸಬೇಕೆಂದು ಕಟ್ಟಳೆ ಮಾಡಿತು. 1614ರಲ್ಲಿ ಪೋಪ್ ಐದನೆಯ ಪಾವ್ಲ್ ಹೊರಡಿಸಿದ ವಿಧಿಗ್ರಂಥ ಇನ್ನೂ ಮುಂದೆ ಹೋಯಿತು. ದೀಕ್ಷಾಸ್ನಾನ, ಮದುವೆ, ಮರಣಗಳ ಜೊತೆಗೆ ಮನೆಮನೆಯ ಆತ್ಮಗಳ ಲೆಕ್ಕವನ್ನೂ ಇಡಬೇಕೆಂದಿತು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಊರು ಬಿಟ್ಟರು ಎಂಬುದು ಪಾದ್ರಿಯವರ ಮೇಜಿನ ಮೇಲೆ ಇರಬೇಕು. ಇದರಲ್ಲಿ ಜನರ ಮೇಲೆ ಕಣ್ಣಿಡುವ ಉದ್ದೇಶವೂ ಇತ್ತೆಂದು ಹೇಳದಿದ್ದರೆ ಇತಿಹಾಸಕ್ಕೆ ಅಪಚಾರ. ಆದರೂ ಕಣ್ಣಿಡಲು ಬರೆದ ಪುಸ್ತಕ ಕಡೆಗೆ ಬಡವರ ಮನೆತನದ ಏಕೈಕ ದಾಖಲೆಯಾಯಿತು.

ನಮ್ಮ ಕರಾವಳಿಯಲ್ಲಿ ಈ ಇಗರ್ಜಿಗಳಿಗೆ ಜಾಗ ಕೊಟ್ಟವರು ಕೆಳದಿಯ ಅರಸರು. 1678ರಲ್ಲಿ ಬಸಪ್ಪ ನಾಯಕರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಹೊನ್ನಾವರ, ಭಟ್ಕಳ ಮುಂತಾದೆಡೆ ಚರ್ಚು ಕಟ್ಟಲು ಅನುಮತಿ ದೊರೆಯಿತು. ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿಯ ಡಿಸೆಂಬರ್ 3ರ ಫೆಸ್ತಿಗೆ ಇಂದಿಗೂ ಬೇರೆ ಧರ್ಮದವರು ಹೋಗುತ್ತಾರೆ. ಮುಂಬಯಿ, ಕೊಲ್ಲಿ ದೇಶಗಳಿಗೆ ಹೋದ ಮಕ್ಕಳು ರಜೆ ಹಾಕಿ ಬರುವುದು ಆ ದಿನಕ್ಕೇ. 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದ ಗೋವೆಯ ಪಾದ್ರಿ ಜೋಸೆಫ್ ವಾಜ್ ಅವರು ಊರೂರು ತಿರುಗಿ ಇಗರ್ಜಿಗಳ ಜೊತೆ ಶಾಲೆಗಳನ್ನೂ ತೆರೆದರು. ಮುಂದೆ ಸಿಂಹಳಕ್ಕೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಇವರಿಗೆ 2015ರಲ್ಲಿ ಸಂತ ಪದವಿ ಸಿಕ್ಕಿತು.

ಇಲ್ಲಿ ನಾವು ದಾಟಿ ಹೋಗಬಾರದ ಒಂದು ಪುಟವಿದೆ. ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಇದನ್ನು ಬರೆಯುವುದಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನರು ಕೆನರಾದ ಕ್ರೈಸ್ತರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಎಷ್ಟು ಮಂದಿ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆಂಗ್ಲರ ಜೊತೆಗಿನ ಯುದ್ಧದ ಹಿನ್ನೆಲೆ ಅದಕ್ಕಿದ್ದದ್ದು ನಿಜ. ಆದರೆ ಮುದುಕರು, ಕೂಸುಗಳು ಘಟ್ಟ ಹತ್ತಿದ್ದೂ, ದಾರಿಯಲ್ಲೇ ಎಷ್ಟೋ ಮಂದಿ ಸತ್ತದ್ದೂ, ಇಗರ್ಜಿಗಳು ನೆಲಸಮವಾದದ್ದೂ ಅಷ್ಟೇ ನಿಜ. ಇಗರ್ಜಿಯೇ ಉಳಿಯದ ಮೇಲೆ ಅದರೊಳಗಿನ ಪುಸ್ತಕ ಉಳಿಯುವುದೆಂತು? 1799ರ ನಂತರ ಬದುಕಿ ಹಿಂದಿರುಗಿದವರು ತಮ್ಮ ಗದ್ದೆಯ ಅಂಚನ್ನೂ ತಮ್ಮವರ ಹೆಸರನ್ನೂ ಮತ್ತೆ ಮೊದಲಿನಿಂದ ಹುಡುಕಬೇಕಾಯಿತು. ಒಮ್ಮೆ ಎಲ್ಲವನ್ನೂ ಕಳೆದುಕೊಂಡವರು ಬರೆದಿಡುವುದರಲ್ಲಿ ಅಷ್ಟು ಹಟ ತೋರಿಸಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಈಗ ಸ್ವಲ್ಪ ದಕ್ಷಿಣಕ್ಕೆ, ಮಂಗಳೂರಿಗೆ ಬನ್ನಿ. ಇಗರ್ಜಿಯ ಈ ಅಭ್ಯಾಸ ಶಾಲೆಯೊಳಗೆ ಬಂದದ್ದನ್ನು ಸ್ಪಷ್ಟವಾಗಿ ಕಾಣುವುದು ಅಲ್ಲೇ. ಅಲ್ಲಿನ ಕೆಥೊಲಿಕರು ತಮ್ಮ ಮಕ್ಕಳಿಗೆ ಕಾಲೇಜು ಬೇಕೆಂದು ರೋಮಿಗೆ ಮನವಿಯ ಮೇಲೆ ಮನವಿ ಕಳುಹಿಸಿದರು. ಅದರ ಫಲವಾಗಿ 1878ರ ಡಿಸೆಂಬರ್ 31ರಂದು ಜೆಸುಯಿಟ್ ಪಾದ್ರಿಗಳು ಬಂದಿಳಿದರು. 1880ರ ಜನವರಿ 12ರಂದು ಸಂತ ಅಲೋಶಿಯಸ್ ಶಾಲೆ-ಕಾಲೇಜು ಶುರುವಾಯಿತು. ಅದರ ದೊಡ್ಡ ಕಟ್ಟಡ ಎದ್ದದ್ದು ಈದ್ಗಾ ಗುಡ್ಡೆಯ ಮೇಲೆ! ಇಂದು ಬಾವುಟಗುಡ್ಡೆ ಎನ್ನುವ ಅದೇ ಗುಡ್ಡೆಯ ಈದ್ಗಾದಲ್ಲಿ ಈಗಲೂ ಈದ್ ನಮಾಜ್ ನಡೆಯುತ್ತದೆ. ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆಗಳಿಗೆ ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಈ ಲೇಖನಕ್ಕೆ ಬೇಕಾದದ್ದು ಆ ಚಿತ್ರಗಳಲ್ಲ, ಅದೇ ಕಾಲದ ಒಂದು ಸಾಧಾರಣ ಪತ್ರಿಕೆ.

1897ರಲ್ಲಿ ಆ ಕಾಲೇಜಿನಿಂದ 'ದಿ ಮ್ಯಾಂಗಲೋರ್ ಮ್ಯಾಗಜೀನ್' ಹೊರಟಿತು. ಇಂಗ್ಲಿಷಿನದು. ಕಾಲೇಜಿನ ಮುಖವಾಣಿ ಮತ್ತು ದಾಖಲೆ ಎಂದೇ ಅದು ತನ್ನನ್ನು ಕರೆದುಕೊಂಡಿತು. ದಾಖಲೆ ಎಂಬ ಆ ಮಾತನ್ನು ಗಮನಿಸಿ. ಹಳೆಯ ವಿದ್ಯಾರ್ಥಿ ಯಾವ ಊರಿಗೆ ವರ್ಗವಾದ, ಯಾರ ಪರೀಕ್ಷೆ ಪಾಸಾಯಿತು, ಯಾರು ತೀರಿಕೊಂಡರು ಎಂಬ ನಾಲ್ಕು ಸಾಲಿನ ಸುದ್ದಿಗಳೂ ಜಿಲ್ಲೆಯ ಕ್ರೈಸ್ತ ಸಮಾಜದ ಇತಿಹಾಸದ ಲೇಖನಗಳೂ ಒಂದೇ ರಟ್ಟಿನೊಳಗೆ ಸೇರಿದವು. ಅಲ್ಲಿನ ಫಾದರ್ ಜಾನ್ ಮೂರ್ ಅವರು 1905ರಲ್ಲಿ ಮಂಗಳೂರು ಧರ್ಮಪ್ರಾಂತದ ಇತಿಹಾಸವನ್ನು ಪುಸ್ತಕವಾಗಿ ಹೊರತಂದರು. ಇನ್ನೊಬ್ಬರು, ಇಟಲಿಯ ಫಾದರ್ ಮಾಫೆಯಿ, 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದರು. ಅದು ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಪಂಗಡ ಬೇರೆಯಾದರೂ ಅಚ್ಚಿನ ಮೊಳೆಗೆ ಜಗಳವಿರಲಿಲ್ಲ.

ಆ ಪತ್ರಿಕೆಯಲ್ಲಿ ಎಲ್ಲರ ಹೆಸರೂ ಬರುತ್ತಿತ್ತೆಂದು ಭಾವಿಸಬೇಡಿ. ಗೇಣಿ ರೈತನ ಮಗ ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲವದು. ವಕೀಲರು, ಸರಕಾರಿ ನೌಕರರು, ಪಾದ್ರಿಗಳ ಮನೆತನಗಳೇ ಮುಂದೆ. ಕ್ರೈಸ್ತರಲ್ಲೂ ಬಾಮಣ್, ಚಾರೊಡಿ ಎಂಬ ಜಾತಿ ಭೇದ ಮದುವೆಯ ತನಕ ಇತ್ತು. ಹೆಣ್ಣು ಮಕ್ಕಳ ಶಿಕ್ಷಣದ ಕೆಲಸ ಬೇರೆಯೇ ಆಗಿ, 1870ರಲ್ಲಿ ಮಂಗಳೂರಿಗೆ ಬಂದ ಕಾರ್ಮೆಲ್ ಸಿಸ್ಟರುಗಳ ಕೈಯಲ್ಲಿ ಬೆಳೆಯಿತು. ಅವರ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ತೆರೆಯಿತು.

ಇಂಗ್ಲಿಷ್ ಬಾರದ ಮನೆಗಳಿಗೆ ಕೊಂಕಣಿ ಪತ್ರಿಕೆ ಬಂತು. 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ'. ಎರಡೂ ಕನ್ನಡ ಲಿಪಿಯಲ್ಲಿ! ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ಇದು ಬಹಳ ಸ್ವಾರಸ್ಯದ ವಿಷಯ. ಭಟ್ಕಳ, ಮಂಕಿ, ಮುರ್ಡೇಶ್ವರದ ನವಾಯತರು ಮನೆಯಲ್ಲಿ ಆಡುವ ನವಾಯತಿಯೂ ಕೊಂಕಣಿಯ ಒಡಹುಟ್ಟೇ. ಅವರು ಅದನ್ನು ಉರ್ದು ಲಿಪಿಯಲ್ಲಿ ಬರೆಯುತ್ತಾರೆ. ಕರ್ಕಿಯ ಬಸ್ ನಿಲ್ದಾಣದಲ್ಲಿ ಕ್ರೈಸ್ತ ಬಾಯಿಯೂ ನವಾಯತ ಖಾಲಾನೂ ನಿಂತು ಮೀನಿನ ಬೆಲೆ ಮಾತಾಡಿದರೆ ಇಬ್ಬರಿಗೂ ಅರ್ಥವಾಗುತ್ತದೆ. ಬರೆದುಕೊಟ್ಟರೆ ಮಾತ್ರ ಇಬ್ಬರಿಗೂ ಆಗುವುದಿಲ್ಲ.

ನಮ್ಮ ಉತ್ತರ ಕನ್ನಡದ ಕಥೆ ಮಂಗಳೂರಿನಂತಾಗಲಿಲ್ಲ. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಮದ್ರಾಸಿನಲ್ಲೇ ಉಳಿಯಿತು. ಇಲ್ಲಿಯ ಕೆಥೊಲಿಕರು ಗೋವೆಯ ಆರ್ಚ್‌ಬಿಷಪರ ಅಧೀನದಲ್ಲಿದ್ದರು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ, ಕಡೆಗೆ 1976ರ ಜನವರಿ 24ರಂದು ಕಾರವಾರ ಧರ್ಮಪ್ರಾಂತ ಬೇರೆಯಾಯಿತು. ಮಂಗಳೂರಿನ ಹಾಗೆ ದೊಡ್ಡ ಕಾಲೇಜು, ದೊಡ್ಡ ಪತ್ರಿಕೆ ಇಲ್ಲಿ ಬೆಳೆಯಲಿಲ್ಲ. ಆದರೂ ಪುಸ್ತಕ ಇಡುವ ಅಭ್ಯಾಸ ತಪ್ಪಲಿಲ್ಲ. ಆ ಬಾಯಿಯ ತಾಯಿಯ ಹೆಸರು ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಇದರಿಂದಲೇ.

ನಮ್ಮಲ್ಲಿ ಶಿಕ್ಷಣದ ಕಾಳಜಿ ಕಡಿಮೆಯಿತ್ತೆಂದು ನಾನು ಹೇಳುತ್ತಿಲ್ಲ. ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾದದ್ದು 1919ರಲ್ಲಿ, ಅಂದರೆ ನೂರು ವರ್ಷ ದಾಟಿದೆ. ಜಮಾಅತಿನಲ್ಲಿ ನಿಕಾಹ್ ಪುಸ್ತಕ ಇದ್ದೇ ಇದೆ. ಅದರಲ್ಲಿ ವರ, ವಧು, ವಲಿ, ಸಾಕ್ಷಿಗಳು, ಮಹರ್ ಎಲ್ಲ ಬರೆದಿರುತ್ತೇವೆ. ಆದರೆ ನಿಕಾಹ್ ಪುಸ್ತಕ ಮಸೀದಿಯ ಕಪಾಟಿನಲ್ಲಿ, ಶಾಲೆಯ ರಜಿಸ್ಟರ್ ಹೆಡ್‌ಮಾಸ್ತರರ ಕೋಣೆಯಲ್ಲಿ. ಇವೆರಡೂ ಒಂದನ್ನೊಂದು ನೋಡಿದ್ದೇ ಇಲ್ಲ. ಶಾಲೆ ಬಿಟ್ಟ ಹುಡುಗಿ ಮದುವೆಯಾಗಿ ಯಾವ ಊರಿಗೆ ಹೋದಳು, ಅವಳ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳಿದರೆ ನಮ್ಮ ಯಾವ ಶಾಲೆ ಹೇಳೀತು? ವಾರ್ಷಿಕ ಸಂಚಿಕೆಯಲ್ಲಿ ನಾವು ಅಚ್ಚು ಹಾಕುವುದು ಹೊಸ ಕಟ್ಟಡದ ಫೋಟೋ, ಅತಿಥಿಗಳ ಸಂದೇಶ, ಶೇಕಡಾವಾರು ಫಲಿತಾಂಶ. ಮತ್ತೆ ಲೆಕ್ಕ, ಹೆಸರಿಲ್ಲ.

ನಮ್ಮ ರಜಿಸ್ಟರುಗಳಲ್ಲಿ ಇನ್ನೊಂದು ತಮಾಷೆಯಿದೆ. ಹಳೆಯ ಪುಟ ತೆರೆದರೆ ಅರ್ಧ ಊರೇ ಜೂನ್ 1ರಂದು ಹುಟ್ಟಿದೆ! ದಾಖಲಾತಿಯ ದಿನ ಮಾಸ್ತರರು ಮಗುವಿನ ಹಲ್ಲು ನೋಡಿ, ಎತ್ತರ ನೋಡಿ, ಶಾಲೆಗೆ ಹೊಂದುವ ತಾರೀಖು ಬರೆದುಬಿಡುತ್ತಿದ್ದರು. ತಾಯಿಗೆ ನೆನಪಿದ್ದದ್ದು ರಮಜಾನಿಗೆ ಎಷ್ಟು ದಿನ ಮೊದಲು, ಯಾವ ಮಳೆಗಾಲ ಎಂಬುದು. ಅದನ್ನು ಯಾರೂ ಕೇಳಲಿಲ್ಲ. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣ ಪತ್ರವೇ ಆಧಾರ. ಇಂದಿನ ಕೂಸುಗಳ ಚಿಂತೆಯಿಲ್ಲ. ಅದಕ್ಕಿಂತ ಮೊದಲು ಹುಟ್ಟಿ, ಪ್ರಮಾಣ ಪತ್ರವಿಲ್ಲದೆ ಬೆಳೆದವರಿಗೆ ಆ ಗೆದ್ದಲು ಹಿಡಿದ ರಜಿಸ್ಟರೇ ಗತಿ.

ಖಾಲಾ ಅವರ ಪಾಸ್‌ಪೋರ್ಟ್ ಬೇರೆ ಕಾಗದಗಳ ಮೇಲೆ, ತಡವಾಗಿ, ಆಯಿತು. ಕಾಯುವ ಆ ದಿನಗಳಲ್ಲಿ ನಾನು ಒಂದು ನೋಟ್‌ಬುಕ್ ತೆಗೆದುಕೊಂಡು ಅವರ ಜಗಲಿಯಲ್ಲಿ ಕುಳಿತೆ. ನಾಲ್ಕನೆಯ ತರಗತಿಯಲ್ಲಿ ನಿಮ್ಮ ಜೊತೆ ಯಾರ್ಯಾರಿದ್ದರು ಎಂದು ಕೇಳಿದೆ. "ಅದೆಲ್ಲ ಯಾಕೆ ಬೇಟಾ?" ಎಂದು ನಕ್ಕರು. ಆಮೇಲೆ ಕಣ್ಣು ಮುಚ್ಚಿ, ಕೂತ ಸಾಲಿನ ಪ್ರಕಾರ ಹೇಳುತ್ತ ಹೋದರು. ಇವಳು ಮಂಕಿಗೆ ಮದುವೆಯಾದಳು, ಇವಳು ಎರಡನೆಯ ಬಾಣಂತನದಲ್ಲಿ ಹೋದಳು, ಇವಳ ಮಗ ದಮ್ಮಾಮಿನಲ್ಲಿದ್ದಾನೆ. ಕಲಿಸಿದ ಉಸ್ತಾನಿಯ ಹೆಸರು, ಅವರ ತವರೂರು, ಅವರ ಬುರ್ಖಾದ ಬಣ್ಣವನ್ನೂ ಹೇಳಿದರು. ಒಟ್ಟು ಹನ್ನೊಂದು ಹುಡುಗಿಯರು. ಹತ್ತು ಹೆಸರು ಬಂತು. ಹನ್ನೊಂದನೆಯವಳು ಕಿಟಕಿಯ ಹತ್ತಿರ ಕೂರುತ್ತಿದ್ದಳು, ಹೆಸರು ನಾಲಿಗೆಯ ತುದಿಯಲ್ಲೇ ಇದೆ ಎಂದರು.

ಈ ವರ್ಷ ನಮ್ಮ ಸಂಚಿಕೆಯಲ್ಲಿ ನಾಲ್ಕು ಪುಟವನ್ನು ಇಂಥ ಹೆಸರುಗಳಿಗೆ ಬಿಡಬೇಕೆಂದು ಸಂಪಾದಕರನ್ನು ಕೇಳಿದ್ದೇನೆ. ನಿಮ್ಮ ಮನೆಯಲ್ಲಿ ಹಳೆಯ ಟಿ.ಸಿ., ತರಗತಿಯ ಗುಂಪು ಫೋಟೋ, ನಿಕಾಹ್ ಆಮಂತ್ರಣ ಪತ್ರಿಕೆ ಏನೇ ಇದ್ದರೂ ಜೆರಾಕ್ಸ್ ಮಾಡಿಸಿ ಶಾಲೆಗೆ ತಲುಪಿಸಿ, ಅಸಲು ಪ್ರತಿ ನಿಮ್ಮಲ್ಲೇ ಇರಲಿ. ಮೂರು ದಿನದ ಮೇಲೆ ಖಾಲಾ ಮೊಮ್ಮಗನ ಕೈಯಲ್ಲಿ ಹೇಳಿ ಕಳುಹಿಸಿದರು. ಕಿಟಕಿಯ ಹತ್ತಿರ ಕೂರುತ್ತಿದ್ದವಳ ಹೆಸರು ಮೈಮೂನಾ.