ಅಮಲಿಗೊಂದು ಅಳತೆಗೋಲು

ಕುಡಿದು ಬಂಡಿ ಓಡಿಸುವುದು ಮೋಟಾರು ಕಾರಿಗಿಂತ ಹಳೆಯ ಅಪರಾಧ. ಕುದುರೆ, ದನ, ಗಾಡಿ ಅಥವಾ ಉಗಿಯಂತ್ರದ ಹೊಣೆ ಹೊತ್ತವನು ರಸ್ತೆಯಲ್ಲಿ ಕುಡಿದು ಸಿಕ್ಕಿಬಿದ್ದರೆ ಶಿಕ್ಷೆ ಎಂದು ಬ್ರಿಟನ್ನಿನ 1872ರ ಕಾಯ್ದೆ ಹೇಳಿತ್ತು. 1897ರಲ್ಲಿ ಲಂಡನ್ನಿನ ಜಾರ್ಜ್ ಸ್ಮಿತ್ ಎಂಬ ಚಾಲಕ ತನ್ನ ವಿದ್ಯುತ್ ಟ್ಯಾಕ್ಸಿಯನ್ನು ಕಟ್ಟಡಕ್ಕೆ ಗುದ್ದಿ, ಕುಡಿದದ್ದನ್ನು ಒಪ್ಪಿಕೊಂಡು ದಂಡ ತೆತ್ತ.

ಒಪ್ಪದವನನ್ನು ಏನು ಮಾಡುವುದು? ಬಾಯಿಯ ವಾಸನೆ, ತೊದಲು ಮಾತು, ತೂರಾಡುವ ನಡಿಗೆ ಇವೇ ಆಗ ಸಾಕ್ಷಿ. ಭಾರತದ 1939ರ ಮೋಟಾರು ವಾಹನ ಕಾಯ್ದೆಯೂ ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲು ಆಗದಷ್ಟು ಅಮಲಿದ್ದರೆ ಮಾತ್ರ ಅಪರಾಧ ಎನ್ನುತ್ತಿತ್ತು. ಆದರೆ ಮದ್ಯ ಮೊದಲು ಕೆಡಿಸುವುದು ಕಾಲನ್ನಲ್ಲ, ವಿವೇಚನೆಯನ್ನು. ನೆಟ್ಟಗೆ ನಡೆಯಬಲ್ಲವನೂ ವೇಗವನ್ನು, ದೂರವನ್ನು ತಪ್ಪಾಗಿ ಅಂದಾಜು ಮಾಡುತ್ತಾನೆ. ಬ್ರೇಕ್ ಒತ್ತುವುದು ಅರೆಕ್ಷಣ ತಡವಾಗುತ್ತದೆ. 'ನನಗೇನೂ ಆಗಿಲ್ಲ' ಎಂಬ ಧೈರ್ಯವೂ ಅಮಲಿನದೇ ಕೊಡುಗೆ.

ಕಣ್ಣಳತೆ ಸೋತಲ್ಲಿ ರಸಾಯನಶಾಸ್ತ್ರ ನೆರವಿಗೆ ಬಂತು. ರಕ್ತದಲ್ಲಿ ಬೆರೆತ ಮದ್ಯದ ಒಂದಂಶ ಶ್ವಾಸಕೋಶದ ಗಾಳಿಗೂ ಸೇರುತ್ತದೆ. ಆದ್ದರಿಂದ ಉಸಿರನ್ನು ಅಳೆದರೆ ರಕ್ತದ ಲೆಕ್ಕ ಸಿಗುತ್ತದೆ. ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಅಧಿಕಾರಿ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ರೂಪಿಸಿದ ಬ್ರೆತಲೈಸರ್ ಈ ಸೂತ್ರದ ಮೇಲೆಯೇ ನಿಂತಿದೆ.

ಅಷ್ಟರಲ್ಲಾಗಲೇ, 1936ರಲ್ಲಿ, ನಾರ್ವೆ ರಕ್ತದ ಮದ್ಯಕ್ಕೆ ಅಂಕಿಯ ಮಿತಿ ಹಾಕಿತ್ತು. ಬ್ರಿಟನ್ 1967ರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಎಂದು ಗೆರೆ ಎಳೆದು, ಪೊಲೀಸರ ಕೈಗೆ ಉಸಿರು ಪರೀಕ್ಷೆಯನ್ನು ಕೊಟ್ಟಿತು. ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್ ಅವರ ಮೇಲೆ ಟೀಕೆಗಳ ಮಳೆಯೇ ಸುರಿಯಿತು. ಅಲ್ಲಿ 1966ರಲ್ಲಿ ರಸ್ತೆ ಅಪಘಾತಗಳಲ್ಲಿ 7,985 ಜನ ಸತ್ತಿದ್ದರು. 1968ರಲ್ಲಿ ಆ ಸಂಖ್ಯೆ 6,810ಕ್ಕೆ ಇಳಿದಿತ್ತು.

ನಮ್ಮಲ್ಲಿ 1988ರ ಕಾಯ್ದೆ ಮೊದಲಿಗೆ ರಕ್ತದಲ್ಲಿ ಎಷ್ಟೇ ಅಲ್ಪ ಮದ್ಯವಿದ್ದರೂ ಅಪರಾಧ ಎಂದಿತ್ತು. 1994ರ ತಿದ್ದುಪಡಿ ಅದನ್ನು 30 ಮಿಲಿಗ್ರಾಂಗೆ ನಿಗದಿಗೊಳಿಸಿತು. ಬ್ರಿಟನ್ನಿನ 1967ರ ಮಿತಿಯ ಅರ್ಧಕ್ಕಿಂತಲೂ ಕಡಿಮೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ತಪ್ಪಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 15,000 ರೂಪಾಯಿ, ಸೆರೆವಾಸ ಎರಡು ವರ್ಷಗಳವರೆಗೆ.

ಮಾದಕ ವಸ್ತುಗಳ ವಿಷಯದಲ್ಲಿ ಮಾತ್ರ ಅಳತೆಗೋಲು ಇನ್ನೂ ಕೈಗೆ ಸಿಕ್ಕಿಲ್ಲ. ಗಾಂಜಾದ ಕುರುಹು ಅಮಲು ಇಳಿದ ಮೇಲೂ ದಿನಗಟ್ಟಲೆ ದೇಹದಲ್ಲಿ ಉಳಿಯಬಲ್ಲದು. ಕುರುಹು ಸಿಕ್ಕಿದ ಮಾತ್ರಕ್ಕೆ ಅಮಲಿತ್ತೆಂದು ಹೇಳುವಂತಿಲ್ಲ. ಹಾಗಾಗಿ ನಮ್ಮ ಕಾಯ್ದೆಯ 185ನೇ ಕಲಮು ಮದ್ಯಕ್ಕೆ ಅಂಕಿ ಹೇಳಿದರೂ, ಮಾದಕ ವಸ್ತುಗಳಿಗೆ 1939ರ 'ಹತೋಟಿ ತಪ್ಪುವಷ್ಟು' ಎಂಬ ಹಳೆಯ ಮಾತನ್ನೇ ಉಳಿಸಿಕೊಂಡಿದೆ.

ಯಂತ್ರ ಹೇಳುವುದು ಚಾಲಕ ಸೀಟಿನಲ್ಲಿ ಕುಳಿತ ಮೇಲಿನ ಲೆಕ್ಕ. ಮನೆಗೆ ಹೇಗೆ ಹೋಗಬೇಕೆಂಬ ತೀರ್ಮಾನ ಮೊದಲ ಲೋಟಕ್ಕೆ ಮುಂಚೆಯೇ ಆಗಬೇಕು. ಆಮೇಲೆ ತೀರ್ಮಾನಿಸುವವನು ಬೇರೆಯವನೇ ಆಗಿರುತ್ತಾನೆ.